ಕುಣಿಮಗ್ಗದ ಕರಿ ಕಂಬಳಿ: ಒಂದು ಚಳಿಗಾಲ ಗಡಿಯಲ್ಲಿ ಬಳಸಿದ ಮೇಲೆ

2025ರ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಒಂದು ಕರಿ ಕಂಬಳಿಗೆ ಮುಂಗಡ ಕೊಟ್ಟೆ. ಬೆಲೆ 2,800 ರೂಪಾಯಿ. ಉದ್ದ 6 ಮೊಳ, ಅಗಲ ಎರಡೂವರೆ ಮೊಳ, ತೂಕ 2 ಕಿಲೊ 400 ಗ್ರಾಂ. ತೂಕ ಹೇಗೆ ಗೊತ್ತೆಂದರೆ, ಪಾರ್ಸೆಲ್ ಮಾಡುವ ಮುಂಚೆ ನಮ್ಮ ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದ್ದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನವಳು ಕಂಬಳಿಯ ಬಗ್ಗೆ ಇಷ್ಟುದ್ದ ಬರೆಯಲು ಕಾರಣವಿದೆ. ಆ ಕಂಬಳಿ ನನಗಲ್ಲ. ಮಗ ಸೈನ್ಯದಲ್ಲಿ ನಾಯಕ್. 2024ರ ಕೊನೆಯಲ್ಲಿ ಎರಡನೆಯ ಸಲ ಪೂರ್ವ ಲಡಾಖಿಗೆ ಹೋದ. ಅವನ ವಿಳಾಸದಲ್ಲಿ ಊರಿನ ಹೆಸರಿರುವುದಿಲ್ಲ. ಹೆಸರು, ನಂಬರು, ಯೂನಿಟ್ಟು, ಕೊನೆಗೆ ಸೈನ್ಯದ ಅಂಚೆ ಕಚೇರಿಯ ನಂಬರು, 56 ಎ.ಪಿ.ಓ. ಅಷ್ಟೆ. ಎಲ್ಲಿದ್ದೀ ಎಂದು ನಾನೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ.

ಮೊದಲ ಸಲ ನಾನು ಮೋಸ ಹೋದದ್ದನ್ನು ಹೇಳಿಬಿಡುತ್ತೇನೆ, ಇನ್ನೊಬ್ಬ ತಾಯಿ ಹಾಗೆ ಆಗಬಾರದು. 2020ರ ಅಕ್ಟೋಬರಿನಲ್ಲಿ ಅವನನ್ನು ಲಡಾಖಿಗೆ ಕಳಿಸಿದಾಗ ಗಾಬರಿಯಲ್ಲಿ ಒಂದು ಅಂಗಡಿಗೆ ಓಡಿದ್ದೆ. "ಪ್ಯೂರ್ ಉಲ್ಲನ್" ಎಂದರು, ನಂಬಿ ತಂದು ಕಳಿಸಿದೆ. ಒಂದೂವರೆ ತಿಂಗಳ ಮೇಲೆ ಮಗ ಫೋನಿನಲ್ಲಿ, "ಅವ್ವಾ, ಕಂಬಳಿ ಚಲೋ ಐತಿ" ಎಂದ. ಅವನು ಸುಳ್ಳು ಹೇಳಿದ್ದ. ರಜೆಗೆ ಬಂದಾಗ ಮಡಿಕೆ ಬಿಡಿಸಿ ನೋಡಿದರೆ ನಡುವೆ ರೂಪಾಯಿ ನಾಣ್ಯದಷ್ಟಗಲದ ಮೂರು ತೂತು. ತೂತಿನ ಸುತ್ತ ಪ್ಲಾಸ್ಟಿಕ್ಕು ಕರಗಿ ಗಟ್ಟಿಯಾದ ಸಣ್ಣ ಸಣ್ಣ ಮಣಿ. ಅಲ್ಲಿನ ಸೈನಿಕರು ಬುಖಾರಿ ಎನ್ನುವ ಸೀಮೆಎಣ್ಣೆ ಒಲೆಯ ಕಿಡಿ ಬಿದ್ದು ಸುಟ್ಟದ್ದು. ಉಣ್ಣೆ ಹಾಗೆ ಕರಗುವುದಿಲ್ಲ. ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು. ಮೈಮೇಲೆ ಹೊದ್ದು ಮಲಗಿದಾಗ ಅದು ಕರಗಿ ಚರ್ಮಕ್ಕೆ ಅಂಟಿದ್ದರೆ? ಆ ಕಂಬಳಿಯನ್ನು ನಾನು ಎಸೆದಿಲ್ಲ, ಅಟ್ಟದ ಮೇಲಿದೆ.

ಹಾಗಾಗಿ ಜಾತ್ರೆಯಲ್ಲಿ ಬೆಂಕಿಪೊಟ್ಟಣ ಹಿಡಿದುಕೊಂಡೇ ಹೋಗಿದ್ದೆ. ರಥದ ಬೀದಿಯಿಂದ ಆಚೆ, ಉತ್ತತ್ತಿ, ಬೆಂಡು-ಬೆತ್ತಾಸದ ಅಂಗಡಿಗಳು ಮುಗಿಯುವ ಕಡೆ ಒಬ್ಬ ನೇಕಾರರು ನೆಲದ ಮೇಲೆ ತಾಡಪತ್ರಿ ಹಾಸಿ ಎಂಟು ಹತ್ತು ಕಂಬಳಿ ಪೇರಿಸಿಕೊಂಡು ಕೂತಿದ್ದರು. ವಯಸ್ಸು 65ರ ಮೇಲೆ. ನಾನು ಎಳೆ ಕೀಳಬಹುದೇ ಎಂದು ಕೇಳಿದೆ. ಯಾಕೆ ಎಂದು ಕೇಳದೆ ತಾವೇ ಎರಡು ಎಳೆ ಕಿತ್ತರು. ಅಡ್ಡ ಎಳೆ ಕೂದಲಿನ ಹಾಗೆ ಉರಿಯಿತು. ಉದ್ದದ ಎಳೆ ಸುರುಟಿಕೊಂಡು ಮಣಿಯಾಯಿತು.

"ನೋಡ್ರಿ ಅಕ್ಕಾರ, ಇದರ ಹೊಕ್ಕು ಕುರಿದು, ಹಾಸು ಮಿಲ್ಲಿಂದು. ಹೊಲಕ್ಕ ಹೊದ್ಕೊಂಡು ಹೋಗಾಕ ನಡೀತೈತಿ. ಮಿಲ್ಟ್ರಿ ಮಗಗ ಅಂತೀರಿ, ಇದು ಬ್ಯಾಡ. ಮನ್ಯಾಗ ಕುರಿ ನೂಲು ತಯಾರ ಐತಿ. ಹತ್ತು ದಿನ ಕೊಡ್ರಿ, ಎರಡೂ ಕಡೆ ಉಣ್ಣಿದ ನೇಯ್ದು ಕೊಡತೀನಿ."

ಎದುರಿಗಿದ್ದ ಮಾಲು ಮಾರುವ ಬದಲು ಹತ್ತು ದಿನ ಕಾಯಿರಿ ಎಂದವರನ್ನು ನಾನು ಕಂಡದ್ದು ಕಡಿಮೆ. 500 ರೂಪಾಯಿ ಮುಂಗಡ ಕೊಟ್ಟೆ. ಚೀಟಿ ಕೇಳಿದೆ. ಬಿಸ್ಕೀಟಿನ ಪುಡಿಕೆಯ ಹಿಂಬದಿಗೆ ತಾರೀಖು, ಮುಂಗಡ, ಬಾಕಿ, "ಹಾಸು ಹೊಕ್ಕು ಎರಡೂ ಉಣ್ಣಿ" ಎಂದು ಬರೆದು ಸಹಿ ಮಾಡಿದರು. ನಾನು 1988ರಲ್ಲಿ ರಾಯಚೂರಿನ ಜಿಲ್ಲಾ ಖಜಾನೆಗೆ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ, 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾದ ಮೇಲೆ ಇಲ್ಲಿಗೆ ಬಂದು, ಮುಖ್ಯ ಲೆಕ್ಕಿಗಳಾಗಿ ನಿವೃತ್ತಿಯಾದವಳು. 35 ವರ್ಷ ಬಿಲ್ಲು ನೋಡಿದ ಕಣ್ಣಿಗೆ ಆ ಪುಡಿಕೆಯ ಕಾಗದ ಎಷ್ಟೋ ಕಚೇರಿಗಳ ವೋಚರಿಗಿಂತ ಚೊಕ್ಕವಾಗಿ ಕಂಡಿತು. ಏನು ಕೊಡುತ್ತೇನೆ, ಯಾವತ್ತು ಕೊಡುತ್ತೇನೆ, ಎಷ್ಟು ಬಂತು, ಎಷ್ಟು ಬರಬೇಕು, ಎಲ್ಲವೂ ಅದರಲ್ಲಿತ್ತು.

ಹತ್ತನೆಯ ದಿನ ಅವರ ಮನೆಗೇ ಹೋದೆ. ಕುಷ್ಟಗಿ ರಸ್ತೆಯಲ್ಲಿ ಬಸ್ಸಿಳಿದು ಒಂದು ಕಿಲೋಮೀಟರು ನಡೆಯಬೇಕು. ಪಡಸಾಲೆಯ ನೆಲದಲ್ಲಿ ಕುಣಿ ತೋಡಿ ಮಗ್ಗ ಇಳಿಸಿದ್ದಾರೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ. ಅಂಗಳದಲ್ಲಿ ಇನ್ನೊಂದು ಹಾಸನ್ನು ಎರಡು ಗೂಟಗಳ ನಡುವೆ ಬಿಗಿದು, ಅವರ ಮನೆಯವರು ಹುಣಸೆ ಬೀಜದ ಗಂಜಿ ಹಚ್ಚುತ್ತಿದ್ದರು. ಬೀಜವನ್ನು ಹುರಿದು, ಸಿಪ್ಪೆ ಹಾರಿಸಿ, ಬೀಸಿ, ಕುದಿಸಿದ ಗಂಜಿ. ದಪ್ಪ ಕುಂಚದಲ್ಲಿ ಒಂದೇ ದಿಕ್ಕಿಗೆ ಎಳೆಯುತ್ತಾ ಹೋಗುತ್ತಾರೆ, ಒಂದು ಎಳೆಗೂ ಇನ್ನೊಂದಕ್ಕೂ ಅಂಟು ಬೀಳಬಾರದು. ಗಂಜಿ ಸರಿ ಕೂತರೆ ಎಳೆ ಗಟ್ಟಿ, ಮಳೆಯ ಹನಿ ಮೇಲೆಯೇ ಜಾರುತ್ತದೆ. ನಮ್ಮ ಕುರಿಗಾರರು ಕಂಬಳಿಯ ಕೊಪ್ಪೆ ಹಾಕಿಕೊಂಡು ಇಡೀ ಮುಂಗಾರು ಕಳೆಯುವುದು ಇದರಿಂದಲೇ.

ಚಹಾ ಬಂತು. ಮಗ ಅಲ್ಲಿ ಏನು ಮಾಡುತ್ತಾನೆ ಎಂದು ನೇಕಾರರು ಕೇಳಿದರು. ಯುದ್ಧ ಏನೂ ನಡೆದಿಲ್ಲವಲ್ಲ, ಮತ್ತೆ ಅಷ್ಟು ಜನ ಅಲ್ಲಿ ಯಾಕೆ ಎಂಬುದು ಅವರ ಪ್ರಶ್ನೆ. ಸರಿಯಾದ ಪ್ರಶ್ನೆ. ನಾನು ನನಗೆ ತಿಳಿದಷ್ಟು ಹೇಳಿದೆ. ಚೀನಾದೊಡನೆ ಆದ 1996ರ ಒಪ್ಪಂದದಂತೆ ಗಡಿರೇಖೆಯಿಂದ 2 ಕಿಲೋಮೀಟರಿನೊಳಗೆ ಎರಡೂ ಕಡೆಯವರು ಗುಂಡು ಹಾರಿಸುವಂತಿಲ್ಲ. 2020ರ ಜೂನ್ 15ರ ರಾತ್ರಿ ಗಲ್ವಾನಿನಲ್ಲಿ ಕರ್ನಲ್ ಸಂತೋಷ್ ಬಾಬು ಸೇರಿ ನಮ್ಮ 20 ಸೈನಿಕರು ತೀರಿಕೊಂಡದ್ದು ಬಂದೂಕಿನಿಂದಲ್ಲ, ಕಲ್ಲು, ಬಡಿಗೆ, ಮೊಳೆ ಬಡಿದ ದೊಣ್ಣೆ, ನದಿಯ ಕೊರೆಯುವ ನೀರು. ಯುದ್ಧ ಘೋಷಣೆಯಾಗಲಿಲ್ಲ. ಆದರೆ ಯಾರು ಎಲ್ಲಿಯವರೆಗೆ ಗಸ್ತು ತಿರುಗುತ್ತಾರೆ, ಯಾರ ರಸ್ತೆ ಎಲ್ಲಿಯವರೆಗೆ ಬಂತು, ಯಾರ ಹಳ್ಳಿಯಲ್ಲಿ ದೀಪ ಉರಿಯುತ್ತಿದೆ, ಇದರಲ್ಲೇ ದಿನಾ ಪೈಪೋಟಿ. ಧಾರವಾಡದಲ್ಲಿ ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿರುವ ಮಗಳು ಇದಕ್ಕೆ "ಗ್ರೇ ಝೋನ್" ಎನ್ನುತ್ತಾಳೆ. ಯುದ್ಧವೂ ಅಲ್ಲ, ಶಾಂತಿಯೂ ಅಲ್ಲ.

"ಅಲ್ಲಿ ಕುರಿ ಅದಾವೇನ್ರಿ?" ಎಂದರು ಅವರು.

ಇವೆ ಎಂದೆ. ಪಶ್ಮೀನಾ ಕೊಡುವ ಆಡು, ಕುರಿ, ಯಾಕ್ ಸಾಕುವ ಚಾಂಗ್‌ಪಾ ಎಂಬ ಜನ ಆ ಬಯಲಿನಲ್ಲಿದ್ದಾರೆ. ಚಳಿಗಾಲದಲ್ಲಿ ಹಿಂಡು ಹೊಡೆದುಕೊಂಡು ಗಡಿಯ ಹತ್ತಿರದ ಹುಲ್ಲಿಗೆ ಹೋಗುತ್ತಾರೆ. 2024ರ ಜನವರಿಯಲ್ಲಿ ಚುಶೂಲ್ ಕಡೆ ಅವರನ್ನು ಚೀನೀ ಸೈನಿಕರು ತಡೆದಾಗ, ಇದು ನಮ್ಮ ಮೇವಿನ ಜಾಗ ಎಂದು ಬರಿಗೈಯಲ್ಲಿ ಎದುರು ನಿಂತು ಜಗಳಾಡಿದ ವಿಡಿಯೊ ಇಡೀ ದೇಶ ನೋಡಿತು. ನನ್ನ ಮೊಬೈಲಿನಲ್ಲಿತ್ತು, ತೋರಿಸಿದೆ. ಗಂಡ ಹೆಂಡತಿ ಇಬ್ಬರೂ ಬಗ್ಗಿ ನೋಡಿದರು. ಗಂಜಿ ಹಚ್ಚುವುದು ನಿಂತಿತು.

"ಅವರು ಮಾಡೋದು ಬರೋಬ್ಬರಿ ಐತಿ ನೋಡ್ರಿ," ಎಂದರು ನೇಕಾರರು. "ಒಂದು ವರ್ಸ ನಾವು ಮೇಯ್ಸಾಕ ಹೋಗ್ಲಿಲ್ಲಂದ್ರ, ಮುಂದಿನ ವರ್ಸ ಹೋದಾಗ 'ಯಾರ ನೀವು' ಅಂತಾರ."

ನಾಲ್ಕು ವರ್ಷ ಪತ್ರಿಕೆ ಓದಿ ನಾನು ತಿಳಿದುಕೊಂಡದ್ದನ್ನು ಆ ಮನುಷ್ಯ ಒಂದು ಮಾತಿನಲ್ಲಿ ಹೇಳಿದರು. 2024ರ ಅಕ್ಟೋಬರಿನಲ್ಲಿ ಪೂರ್ವ ಲಡಾಖಿನ ದೆಪ್ಸಾಂಗ್ ಮತ್ತು ದೆಮ್ಚೋಕ್ ಬಗ್ಗೆ ಚೀನಾದೊಡನೆ ಒಪ್ಪಂದವಾಗಿ, ಡಿಸೆಂಬರ್ 3ರಂದು ವಿದೇಶಾಂಗ ಸಚಿವ ಜೈಶಂಕರ್ ಲೋಕಸಭೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ ಸೈನಿಕರ ಗಸ್ತಿನ ಜೊತೆಗೆ ಜನರ ಕುರಿ ಮೇಯಿಸುವ ವಿಷಯವೂ ಇತ್ತು. ದೇಶದ ಗಡಿ ಕುರಿಯ ಕಾಲಿನ ಮೇಲೂ ನಿಂತಿದೆ.

ಇಲ್ಲಿ ನನ್ನ ಹಳೆಯ ಕಸುಬಿನ ಮಾತು ಬರುತ್ತದೆ. ಈ ಯುದ್ಧವಲ್ಲದ ಪೈಪೋಟಿಗೆ ಸರಕಾರ ಎಷ್ಟು ಹಣ ಕೊಡುತ್ತದೆ? ಪ್ರತಿ ಫೆಬ್ರುವರಿ 1ರಂದು ನಾನು ಬಜೆಟ್ ಪುಸ್ತಕ ತೆರೆದು ಕೂರುತ್ತೇನೆ, ನಿವೃತ್ತಿಯಾದರೂ ಚಟ ಬಿಟ್ಟಿಲ್ಲ. 2025-26ಕ್ಕೆ ರಕ್ಷಣಾ ಸಚಿವಾಲಯಕ್ಕೆ 6,81,210 ಕೋಟಿ ರೂಪಾಯಿ. ಅದರಲ್ಲಿ 1,60,795 ಕೋಟಿ ಪಿಂಚಣಿಗೇ ಹೋಗುತ್ತದೆ. ಗಡಿ ರಸ್ತೆ ಸಂಸ್ಥೆಯ ಬಂಡವಾಳ ವೆಚ್ಚಕ್ಕೆ 7,146 ಕೋಟಿ 50 ಲಕ್ಷ, ಅದು ಸೈನ್ಯದ ಲೆಕ್ಕದಲ್ಲಿಲ್ಲ, ಸಚಿವಾಲಯದ ಸಿವಿಲ್ ಬೇಡಿಕೆಯಲ್ಲಿದೆ. ಗಡಿ ಹಳ್ಳಿಗಳಿಗೆ ರಸ್ತೆ, ಕರೆಂಟು, ಜೀವನೋಪಾಯ ಕೊಡುವ ವೈಬ್ರಂಟ್ ವಿಲೇಜಸ್ ಕಾರ್ಯಕ್ರಮಕ್ಕೆ 2023ರ ಫೆಬ್ರುವರಿ 15ರಂದು ಸಂಪುಟ 4,800 ಕೋಟಿ ಒಪ್ಪಿತು, ಅದರಲ್ಲಿ 2,500 ಕೋಟಿ ರಸ್ತೆಗೆ, ಮೊದಲ ಹಂತದಲ್ಲಿ 663 ಹಳ್ಳಿ. ಇದು ಗೃಹ ಸಚಿವಾಲಯದ್ದು. ಚೀನಾ ಗಡಿ ಕಾಯುವ ಪೊಲೀಸ್ ಪಡೆ ಐ.ಟಿ.ಬಿ.ಪಿ.ಯ ಏಳು ಹೊಸ ಬೆಟಾಲಿಯನ್ನಿಗೆ ಅದೇ ದಿನ ಒಪ್ಪಿಗೆ ಸಿಕ್ಕಿತು, ಅದೂ ಗೃಹ. 1998ರಿಂದ ಜಮ್ಮು ಕಾಶ್ಮೀರ, ಲಡಾಖಿನಲ್ಲಿ ಸೈನ್ಯ ಶಾಲೆ, ಔಷಧಿ, ಹೊಲಿಗೆ ತರಬೇತಿ ನಡೆಸುವ ಆಪರೇಷನ್ ಸದ್ಭಾವನಾ ಇನ್ನೊಂದು ಕಡೆ. ಹಣ ಇದೆ. ಆದರೆ ಇವೆಲ್ಲ ಒಂದೇ ಕೆಲಸದ ತುಂಡುಗಳು ಎಂದು ಹೇಳುವ ಒಂದು ಲೆಕ್ಕಶೀರ್ಷಿಕೆ ಇಲ್ಲ, ಎಲ್ಲವನ್ನೂ ಒಟ್ಟು ಮಾಡಿ ತೋರಿಸುವ ಒಂದು ಪುಟವನ್ನೂ ನಾನು ಕಂಡಿಲ್ಲ.

ಅಮೆರಿಕದವರು ಈ ವಿಷಯದಲ್ಲಿ ಒಂದು ಕೆಲಸ ಮಾಡಿದ್ದಾರೆ. ಅವರ ಸಂಸತ್ತು 2021ರ ಆರ್ಥಿಕ ವರ್ಷದ ರಕ್ಷಣಾ ಕಾಯಿದೆಯಲ್ಲಿ ಪೆಸಿಫಿಕ್ ಡಿಟರೆನ್ಸ್ ಇನಿಷಿಯೇಟಿವ್ ಎಂಬುದನ್ನು 220 ಕೋಟಿ ಡಾಲರಿನೊಂದಿಗೆ ಶುರು ಮಾಡಿತು. ಅದು ಬೇರೆ ನಿಧಿಯೇನಲ್ಲ. ಅಲ್ಲಲ್ಲಿ ಹಂಚಿಹೋದ ಹಣವನ್ನು ಒಂದು ಕಡೆ ಕೂಡಿಸಿ ತೋರಿಸಿ ಎಂದು ರಕ್ಷಣಾ ಇಲಾಖೆಗೆ ಹಾಕಿದ ಕಟ್ಟಳೆ. ಮಗಳು ಇದನ್ನು ವಿವರಿಸಿದಾಗ ನನಗೆ ನಮ್ಮ ಕಚೇರಿಯ ತಿಂಗಳ ಕೊನೆಯ ಪಟ್ಟಿ ನೆನಪಾಯಿತು. ಕೂಡಿಸಿ ತೋರಿಸಿದರೆ ಕೇಳಬಹುದು. ಕೂಡಿಸದಿದ್ದರೆ ಕೇಳುವವರಿಗೂ ಎಲ್ಲಿ ಕೈಯಿಡಬೇಕೆಂದು ತಿಳಿಯದು.

ಕೇಳಲೇಬೇಕು ಎಂದು ನಾನು ಇಷ್ಟು ಹಟ ಹಿಡಿಯಲು ಸರಕಾರದ ಲೆಕ್ಕ ತಪಾಸಣೆ ಮಾಡುವ ಸಿ.ಎ.ಜಿ.ಯ ಎರಡು ವರದಿಗಳು ಕಾರಣ. ಚೀನಾ ಗಡಿಯ ಆಯಕಟ್ಟಿನ ರಸ್ತೆಗಳಲ್ಲಿ 61ನ್ನು ಗಡಿ ರಸ್ತೆ ಸಂಸ್ಥೆಗೆ ವಹಿಸಿದ್ದರು, 2012ಕ್ಕೆ ಮುಗಿಯಬೇಕಿತ್ತು. 2017ರ ವರದಿಯ ಪ್ರಕಾರ 2016ರ ಮಾರ್ಚಿಗೆ ಪೂರ್ತಿಯಾದದ್ದು 22. ಅಂದಾಜು ಮಾಡಿದ್ದ 4,644 ಕೋಟಿಯಲ್ಲಿ 4,536 ಕೋಟಿ ಖರ್ಚಾಗಿತ್ತು. ನೂರಕ್ಕೆ 98 ರೂಪಾಯಿ ಹೋಯಿತು, ನೂರಕ್ಕೆ 36 ರಸ್ತೆ ಬಂತು. ಎರಡನೆಯದು 2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದದ್ದು, ಎತ್ತರದ ಪ್ರದೇಶದ ಸೈನಿಕರ ಬಟ್ಟೆಬರೆ, ಊಟದ ಬಗ್ಗೆ. 2015ರ ನವೆಂಬರಿನಿಂದ 2016ರ ಸೆಪ್ಟೆಂಬರಿನವರೆಗೆ ಮಲ್ಟಿಪರ್ಪಸ್ ಬೂಟು ಕೊಡಲಾಗದೆ, ಇದ್ದ ಬೂಟನ್ನೇ ರಿಪೇರಿ ಮಾಡಿ ಮತ್ತೆ ಬಳಸಬೇಕಾಯಿತು. ಹಿಮದ ಕನ್ನಡಕಕ್ಕೆ ಭಾರೀ ಕೊರತೆ. ಮುಖಕ್ಕೆ ಹಾಕುವ ಮಾಸ್ಕು, ಜಾಕೆಟ್ಟು, ಮಲಗುವ ಚೀಲ ಹಳೆಯ ಮಾದರಿಯವು. ಆ ಪುಟಗಳನ್ನು ಓದುವಾಗ ಮಗ ಸೈನ್ಯ ಸೇರಿ ಆಗಲೇ ಆರೇಳು ವರ್ಷವಾಗಿತ್ತು. ಗಲ್ವಾನ್ ಇನ್ನೂ ನಾಲ್ಕು ತಿಂಗಳು ಮುಂದಿತ್ತು.

ಗಲ್ವಾನ್ ಆದ ಮೇಲೆ ಬೇಗ ಬೇಗ ಹಣ ಬಿಟ್ಟರು ಎಂಬುದನ್ನೂ ಹೇಳಬೇಕು. 2020ರ ಜುಲೈ 15ರಂದು ತುರ್ತು ಖರೀದಿಗೆ 300 ಕೋಟಿ ರೂಪಾಯಿವರೆಗಿನ ಅಧಿಕಾರವನ್ನು ಸೇನಾಪಡೆಗಳಿಗೇ ಕೊಟ್ಟರು. ಆ ಚಳಿಗಾಲಕ್ಕೆ ಸಾಮಾನು ಮೇಲೆ ಹೋಯಿತು. ಮಗನ ಮಲಗುವ ಚೀಲ, ಜಾಕೆಟ್ಟು, ಬೂಟು ಚೆನ್ನಾಗಿದ್ದವು, ಇಂದಿಗೂ ಚೆನ್ನಾಗಿವೆ ಎನ್ನುತ್ತಾನೆ. ಈ ಸಲ ಅವನು ಸುಳ್ಳು ಹೇಳುತ್ತಿಲ್ಲ, ರಜೆಗೆ ಬಂದಾಗ ಅವನ ಕಾಲ್ಬೆರಳು ನೋಡಿದ್ದೇನೆ.

ಆದರೆ ತುರ್ತು ಖರೀದಿ ಎಂದರೆ ಮೊದಲೇ ಆಗದ ಖರೀದಿ. ನಮ್ಮ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು, ಮಾರ್ಚ್ 31ಕ್ಕೆ ಮುಕ್ತಾಯ. ಖಜಾನೆಯವರಿಗೆ ಮಾರ್ಚ್ ಎಂದರೆ ಏನೆಂದು ಗೊತ್ತು. ರಾತ್ರಿ ಹನ್ನೆರಡರವರೆಗೆ ಟೋಕನ್ನು, ಬಾಗಿಲಿಗೆ ಇಲಾಖೆಗಳ ಹಣ ಡ್ರಾ ಮಾಡುವ ಅಧಿಕಾರಿಗಳಾದ ಡಿ.ಡಿ.ಓ.ಗಳ ಸಾಲು, ಖರ್ಚಾಗದ ಅನುದಾನ ಲ್ಯಾಪ್ಸ್ ಆಗುತ್ತದೆಂಬ ಭಯಕ್ಕೆ ಏನಾದರೂ ಕೊಂಡು ಬಿಲ್ಲು ಹಚ್ಚುವ ಗಡಿಬಿಡಿ. ಲಡಾಖಿನ ವರ್ಷ ಬೇರೆ. ಅಲ್ಲಿ ಹಿಮ ಕರಗಿ ಘಾಟಿಗಳು ತೆರೆದ ಮೇಲೆ ಅಕ್ಟೋಬರ್ ಹೊತ್ತಿಗೆ ಇಡೀ ಚಳಿಗಾಲದ ಸಾಮಾನು ಮೇಲೆ ಮುಟ್ಟಬೇಕು, ರಸ್ತೆಯ ಕೆಲಸವೂ ಅದೇ ಐದಾರು ತಿಂಗಳಲ್ಲಿ. ನಾವು ಮಾರ್ಚಿನಲ್ಲಿ ಹಣ ಮುಗಿಸುವಾಗ ಅಲ್ಲಿ ಡಾಂಬರು ಹಾಕಲು ನೆಲವೇ ಕಾಣುವುದಿಲ್ಲ. ಏಪ್ರಿಲಿನಲ್ಲಿ ಹೊಸ ಅನುದಾನ ಬಂದು, ಟೆಂಡರು ಕರೆದು, ಆದೇಶ ಹೋಗುವಷ್ಟರಲ್ಲಿ ಮತ್ತೆ ಹಿಮ. 15ನೇ ಹಣಕಾಸು ಆಯೋಗ ಇದಕ್ಕೆ ಒಂದು ದಾರಿ ಹೇಳಿತ್ತು: ರಕ್ಷಣೆ ಮತ್ತು ಆಂತರಿಕ ಭದ್ರತೆಯ ಆಧುನೀಕರಣಕ್ಕೆ ಲ್ಯಾಪ್ಸ್ ಆಗದ ನಿಧಿ, 2021ರಿಂದ 2026ರವರೆಗೆ 2,38,354 ಕೋಟಿ ರೂಪಾಯಿಯ ಅಂದಾಜು. ವರ್ಷದ ಕೊನೆಗೆ ಉಳಿದ ಹಣ ವಾಪಸು ಹೋಗದೆ ಅಲ್ಲೇ ನಿಲ್ಲುವ ನಿಧಿ. ಮಾರ್ಚ್ 31ರ ರಾತ್ರಿಗಳನ್ನು ಕಂಡವಳಾಗಿ ಹೇಳುತ್ತೇನೆ, ಗಡಿಯ ಹಣಕ್ಕೆ ಇಂಥ ನಿಧಿಯೇ ಬೇಕು. ಅದರ ಜೊತೆಗೆ ಲೆಕ್ಕವೂ ಬೇಕು. ನಮ್ಮಲ್ಲಿ ಎ.ಸಿ. ಬಿಲ್ಲಿನಲ್ಲಿ ಮುಂಗಡ ತೆಗೆದ ಅಧಿಕಾರಿ, ಆ ಹಣ ಯಾವುದಕ್ಕೆ ಹೋಯಿತೆಂದು ಎನ್.ಡಿ.ಸಿ. ಬಿಲ್ಲಿನಲ್ಲಿ ವಿವರ ಕೊಡಲೇಬೇಕು. ಕೊಡದವರಿಗೆ ನಾನು ಮುಂದಿನ ಬಿಲ್ಲಿಗೆ ಆಕ್ಷೇಪಣೆ ಬರೆದವಳೇ. ಗಡಿಯ ಯೋಜನೆಗೂ ಅದೇ ಕಟ್ಟುನಿಟ್ಟು ಇರಲಿ: ಇಷ್ಟು ಕೋಟಿ ಖರ್ಚು ಎಂದಲ್ಲ, ಇಷ್ಟು ಜೊತೆ ಬೂಟು ಇಂಥ ತಾರೀಖಿಗೆ ಮೇಲೆ ಮುಟ್ಟಿತು ಎಂದು. ಗುಟ್ಟಾಗಿ ಇಡಬೇಕಾದ್ದು ಗುಟ್ಟಾಗಿರಲಿ. ಬೂಟು ಮುಟ್ಟಿತೋ ಇಲ್ಲವೋ ಎಂಬುದು ಗುಟ್ಟಲ್ಲ.

ಇನ್ನು ಕಂಬಳಿಗೆ ಬರುತ್ತೇನೆ. ಹೇಳಿದ ದಿನವೇ ಸಿಕ್ಕಿತು, ಮಗ್ಗದಿಂದ ಇಳಿಸಿ ಒಂದು ದಿನ ಬಿಸಿಲಿಗೆ ಹಾಕಿದ್ದರು. ಎರಡೂ ಕಡೆಯ ಎಳೆ ಅವರ ಮುಂದೆಯೇ ಸುಟ್ಟು ನೋಡಿದೆ, ಬೂದಿಯಾಯಿತು. ಅವರಿಗೆ ಬೇಸರವಾಗಲಿಲ್ಲ. ಬಾಕಿ 2,300 ಕೊಟ್ಟೆ. ಹಳೆಯ ಸೀರೆಯಲ್ಲಿ ಸುತ್ತಿ, ಮೇಲೆ ಗೋಣಿತಟ್ಟು ಹೊಲಿಸಿ ಪಾರ್ಸೆಲ್ ಮಾಡಿದೆ. 19 ದಿನಕ್ಕೆ ಮುಟ್ಟಿತು, ಆ ಚಳಿಯಲ್ಲಿ ಅಷ್ಟು ದಿನ ಹಿಡಿಯುವುದು ಸಹಜ.

2025ರ ಆಗಸ್ಟಿನಲ್ಲಿ ಮಗ ರಜೆಗೆ ಬಂದಾಗ ಕಂಬಳಿಯನ್ನೂ ತಂದಿದ್ದ. ಹಜಾರದಲ್ಲಿ ಹರವಿ, ಕನ್ನಡಕ ಹಾಕಿಕೊಂಡು ಮೊಳ ಮೊಳ ನೋಡಿದೆ. ಬುಖಾರಿಯ ಕಿಡಿ ಈ ಸಲವೂ ಬಿದ್ದಿದೆ. ಎರಡು ಕಡೆ ಸಾಸಿವೆ ಕಾಳಿನಷ್ಟು ಕರಿಕಲು, ಉಗುರಿನಲ್ಲಿ ಕೆರೆದರೆ ಪುಡಿಯಾಗಿ ಉದುರಿತು, ಕೆಳಗಿನ ನೇಯ್ಗೆ ಗಟ್ಟಿಯಾಗಿದೆ. ತೂತಿಲ್ಲ. ನಡುಭಾಗ ಹೊಸದರಂತೆಯೇ ಇದೆ.

ಕೊರತೆಗಳೂ ಇವೆ. ಒಂದು ಅಂಚಿನಲ್ಲಿ ಒಂದು ಗೇಣಿನಷ್ಟು ಎಳೆ ಬಿಟ್ಟುಕೊಂಡಿತ್ತು, ಅಲ್ಲಿ ನೇಯ್ಗೆ ಮೊದಲಿನಿಂದಲೂ ಸ್ವಲ್ಪ ಸಡಿಲ, ಕೊಳ್ಳುವಾಗ ನಾನು ಗಮನಿಸಬೇಕಿತ್ತು. ಮೊದಲ ಎರಡು ತಿಂಗಳು ಕೂದಲು ಉದುರುತ್ತದೆ, ಮಗನ ಉಣ್ಣೆಯ ಬನಿಯನ್ನಿಗೆಲ್ಲ ಅಂಟಿತಂತೆ. ಮೈಗೆ ನೇರವಾಗಿ ತಾಗಿದರೆ ಚುಚ್ಚುತ್ತದೆ, ಒಳಗೆ ಹತ್ತಿಯ ಹೊದಿಕೆ ಬೇಕೇ ಬೇಕು. ಗಂಜಿಯ ವಾಸನೆ ಸುಮಾರು ಮೂರು ವಾರ ಇತ್ತು. ಒಂದು ದೊಡ್ಡ ಮಾತು: ಇದು ಸರಕಾರ ಕೊಡುವ ಮಲಗುವ ಚೀಲದ ಬದಲಿಗೆ ಆಗುವ ವಸ್ತುವಲ್ಲ. ಮೈನಸ್ 30 ಡಿಗ್ರಿಯಲ್ಲಿ ಕಂಬಳಿಯೊಂದನ್ನೇ ನಂಬಿದರೆ ಜೀವ ಉಳಿಯುವುದಿಲ್ಲ. ಯಾರಾದರೂ ಹಾಗೆ ಹೇಳಿ ಮಾರಿದರೆ ನಂಬಬೇಡಿ.

ಹಾಗಾದರೆ ಮಗ ಅದನ್ನು ಏನು ಮಾಡಿದ? ಮೊದಲೊಂದು ತಿಂಗಳು ಕಬ್ಬಿಣದ ಮಂಚದ ಮೇಲೆ, ಚೀಲದ ಕೆಳಗೆ ಹಾಸಿದ. ಕೆಳಗಿನಿಂದ ಏರುವ ಥಂಡಿ ನಿಂತಿತು, ಅದಕ್ಕೆ ಇದು ಬಲು ಚಲೋ ಎಂದ. ಆಮೇಲೆ? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ಹಗಲು ಹಿಮ ಕರಗಿಸಿ 20 ಲೀಟರಿನ ಡಬ್ಬಿಯಲ್ಲಿ ನೀರು ತುಂಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಅದು ಕಲ್ಲಾಗಿರುತ್ತದೆ. ಮತ್ತೆ ಎಣ್ಣೆ ಉರಿಸಿ ಕರಗಿಸಬೇಕು, ಗಸ್ತಿಗೆ ಹೋಗುವವರು ಬಾಟಲಿ ತುಂಬಿಕೊಳ್ಳಲು ಕಾಯಬೇಕು. ಒಂದು ರಾತ್ರಿ ಡಬ್ಬಿಗೆ ಈ ಕಂಬಳಿಯನ್ನು ಮೂರು ಸುತ್ತು ಸುತ್ತಿ ಬುಖಾರಿಯಿಂದ ನಾಲ್ಕು ಅಡಿ ದೂರ ಇಟ್ಟರಂತೆ. ಬೆಳಗ್ಗೆ ಐದಕ್ಕೆ ನೋಡಿದರೆ ಮೇಲೊಂದು ತೆಳು ಹೆಪ್ಪು, ಕೆಳಗೆ ನೀರು. ಅವತ್ತಿನಿಂದ ಕಂಬಳಿ ಡಬ್ಬಿಯದೇ ಆಯಿತು.

"ನಿನಗ ಬೇಜಾರಾತೇನವ್ವಾ?" ಎಂದ.

ಆಗಲಿಲ್ಲ. ಎಂಟು ಹತ್ತು ಮಕ್ಕಳು ಬೆಳಗ್ಗೆ ನೀರು ಕುಡಿದು ಹೊರಟರು ಎಂದರೆ ನನ್ನ 2,800 ರೂಪಾಯಿ ಯಾವ ಗಡಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟಿತು. ಆದರೆ ನೀರು ಹೆಪ್ಪುಗಟ್ಟದ ಹಾಗೆ ಇಡುವ ಡಬ್ಬಿ ಒಂದು ದೇಶಕ್ಕೆ ದೊಡ್ಡ ವಸ್ತುವೇ? ಕ್ಷಿಪಣಿಗೆ, ವಿಮಾನಕ್ಕೆ ಹಣ ಕೇಳುವವರು ಬಹಳ ಮಂದಿ. ಡಬ್ಬಿಗೆ ಕೇಳುವವರು ಬೇಕು. ಗುಂಡು ಹಾರದ ಈ ಪೈಪೋಟಿಯಲ್ಲಿ ನಮ್ಮ ಮಕ್ಕಳು ದಿನಾ ಬೆಳಗ್ಗೆ ಎದ್ದು ಅಷ್ಟು ದೂರ ನಡೆದುಹೋಗಿ ಬರುವುದೇ ಕೆಲಸ. ಆ ನಡಿಗೆಗೆ ಬೇಕಾದ್ದು ಬೂಟು, ಕನ್ನಡಕ, ನೀರು, ರಸ್ತೆ.

ಅಂಚು ಬಿಚ್ಚಿದ ಕಂಬಳಿ ಹಿಡಿದುಕೊಂಡು ಮಗನೂ ನಾನೂ ನೇಕಾರರ ಮನೆಗೆ ಹೋದೆವು. ತಪ್ಪು ತಮ್ಮದೇ ಎಂದು ಒಪ್ಪಿದರು. ಅವತ್ತು ಅಂಚು ಹಿಡಿಯುವಾಗ ಗಂಜಿ ಆರುವ ಮುಂಚೆ ಮಗ್ಗಕ್ಕೆ ಏರಿಸಿದ್ದೆ ಎಂದು ಕಾರಣವನ್ನೂ ಹೇಳಿದರು. ಅರ್ಧ ಗಂಟೆಯಲ್ಲಿ ಸೂಜಿ ಹಿಡಿದು ಅದೇ ನೂಲಿನಲ್ಲಿ ಅಂಚು ಕಟ್ಟಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಮಾರಿದ ಮೇಲಿನ ಸೇವೆಗೆ ಇದಕ್ಕಿಂತ ಹೆಚ್ಚು ಕೇಳಲಾರೆ.

ಕೊಳ್ಳುವವರಿಗೆ ಎರಡು ಮಾತು. ಜಾತ್ರೆಯ ಮಾಲಿನಲ್ಲಿ ಮಿಲ್ಲಿನ ಹಾಸು ಇರುವುದೇ ಹೆಚ್ಚು, ಪೂರ್ತಿ ಉಣ್ಣೆಯದು ಬೇಕಿದ್ದರೆ ಹೇಳಿ ನೇಯಿಸಿ, ಹದಿನೈದು ದಿನ ಮೊದಲೇ ಹೇಳಿ. ಎರಡೂ ಕಡೆಯ ಎಳೆ ಸುಟ್ಟು ನೋಡಿ. ಅಂಚನ್ನು ಬೆರಳಿನಲ್ಲಿ ಎಳೆದು ನೋಡಿ, ನಾನು ಬಿಟ್ಟದ್ದು ಅದನ್ನೇ. ಬಿಸಿ ನೀರಿಗೆ ಹಾಕಬೇಡಿ, ಕುಗ್ಗುತ್ತದೆ. ಪೆಟ್ಟಿಗೆಯಲ್ಲಿ ಇಡುವಾಗ ಒಣಗಿದ ಬೇವಿನ ಎಲೆ ಹಾಕಿದರೆ ನುಸಿ ಹಿಡಿಯುವುದಿಲ್ಲ. ಬೆಲೆಯಲ್ಲಿ ಚೌಕಾಶಿ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಕುರಿಯ ಕೂದಲು ಹಿಂಜಿ ರಾಟಿಯಲ್ಲಿ ನೂಲು ತೆಗೆಯುವುದಕ್ಕೇ ಆ ಮನೆಯ ಹೆಂಗಸರಿಗೆ ವಾರಗಟ್ಟಲೆ ಹಿಡಿಯುತ್ತದೆ.

ಹೊರಡುವ ಮುಂಚೆ ಮಗ ಡಬ್ಬಿಯ ಸಂಗತಿಯನ್ನು ನೇಕಾರರಿಗೂ ಹೇಳಿದ. ಅವರು ಹಿತ್ತಲಿಗೆ ಹೋಗಿ ತಮ್ಮ ಮನೆಯ 20 ಲೀಟರಿನ ನೀರಿನ ಡಬ್ಬಿ ತಂದು ನಡುವೆ ಇಟ್ಟರು. ದಾರದಲ್ಲಿ ಸುತ್ತಳತೆ ಹಿಡಿದರು, ಎತ್ತರ ಹಿಡಿದರು, ಹಿಡಿಕೆಗೆ ಎಲ್ಲಿ ಸೀಳು ಬಿಡಬೇಕೆಂದು ಮಗನನ್ನು ಕೇಳಿ ಗಂಟು ಹಾಕಿಕೊಂಡರು. ಇದಕ್ಕೆ ಕಂಬಳಿಯ ನೂಲು ಸಾಲದು, ಗದ್ದಿಗೆಗೆ ಹಾಸುವಂಥ ದಪ್ಪ ನೂಲು ಬೇಕು ಎಂದರು. ಬೆಲೆ 700. ಮಗನ ರಜೆ ಮುಗಿಯುವ ಎರಡು ದಿನ ಮೊದಲು ತಯಾರಾಗಿತ್ತು. ಬಿಲ್ಲು ಕೇಳಿದೆ. ಈ ಸಲ ಅವರು ಮೊಮ್ಮಗಳ ನೋಟ್‌ಬುಕ್ಕಿನ ಹಾಳೆ ಹರಿದು, ತಾರೀಖು, ಅಳತೆ, ಬೆಲೆ ಬರೆದು, ಕೆಳಗೆ ನಾನು ಹೇಳದೆಯೇ ಒಂದು ಸಾಲು ಸೇರಿಸಿದರು: "ಲಡಾಖಿನ ನೀರಿನ ಡಬ್ಬಿಗೆ."